ಕತ್ತರಿ ಇರುವ ಚಾಕು

ಚಾಕು ಆರಿಸುವುದು ಇಷ್ಟು ತಲೆನೋವಿನ ಕೆಲಸವೆಂದು ಯಾರಾದರೂ ಮೊದಲೇ ಹೇಳಿದ್ದರೆ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟ ಸುತ್ತುವ ಉಸಾಬರಿಗೇ ನಾನು ಹೋಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಚಾಕು ಎಂದರೆ ಅಡುಗೆಮನೆಯದು ಒಂದೇ. ಉಳ್ಳಾಗಡ್ಡಿ ಹೆಚ್ಚುವುದರಿಂದ ಹಿಡಿದು ಪಾರ್ಸಲ್ ಡಬ್ಬಿ ಬಿಚ್ಚುವವರೆಗೆ ಎಲ್ಲಕ್ಕೂ ಅದೇ. ಮೊಂಡಾದರೆ ಬಚ್ಚಲ ಕಲ್ಲಿಗೆ ನಾಲ್ಕು ಸಲ ತಿಕ್ಕಿದರೆ ಮುಗಿಯಿತು.

ಮೊಬೈಲ್ ನೋಡಿ ಕೆಟ್ಟೆ. ಗಡ್ಡದ ಗಂಡಸರು ಹಿಮದಲ್ಲಿ ಕೂತು ಮೊಳದುದ್ದದ ಚಾಕುವಿನಿಂದ ಕಟ್ಟಿಗೆ ಸೀಳುವ ವಿಡಿಯೊಗಳನ್ನು ಒಂದಾದ ಮೇಲೊಂದು ನೋಡುತ್ತ ಹೋದೆ. ಯಾವ ಉಕ್ಕು ತುಕ್ಕು ಹಿಡಿಯುವುದಿಲ್ಲ, ಯಾವ ಹಿಡಿ ಬೆವರಿದ ಕೈಯಲ್ಲಿ ಜಾರುವುದಿಲ್ಲ ಎಂಬುದೆಲ್ಲ ನನಗೆ ಬಾಯಿಪಾಠವಾಯಿತು. ಅವುಗಳಲ್ಲಿ ಒಂದು ಚಾಕು, ಚರ್ಮದ ಒರೆಯದು, ನನ್ನ ಮನಸ್ಸಿನಲ್ಲಿ ಕೂತೇಬಿಟ್ಟಿತು. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ನಡೆಯುವ ಐವತ್ತು ದಾಟಿದ ಒಬ್ಬ ಸಮಾಜ ವಿಜ್ಞಾನದ ಮೇಷ್ಟ್ರನ್ನು, ಅಂದರೆ ನನ್ನನ್ನೇ, ಕಲ್ಪಿಸಿಕೊಂಡು ಖುಷಿಪಟ್ಟೆ.

"ಕಟ್ಟಿಗಿ ಸೀಳೋರು ಯಾರು?" ಎಂದಳು ನನ್ನ ಹೆಂಡತಿ, ನನ್ನ ಭುಜದ ಮೇಲಿಂದ ಇಣುಕಿ. "ನಾವು ಗ್ಯಾಸ್ ಒಲಿ ಒಯ್ಯೋರು. ಇದ್ರಲೆ ಏನ್ ಕೊಯ್ತೀರಿ ಹೇಳ್ರಿ ನೋಡೋಣ."

ಆಕೆ ಶಹಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಹೊರಬೇಕಾದ ಪ್ರತಿಯೊಂದು ವಸ್ತುವೂ ಆಕೆಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಚೀಲದಿಂದ ಹೊರಕ್ಕೆ. ನಾನು ಬೆಂಕಿ, ಕಾಡು, ಆಪತ್ತು ಎಂದೆಲ್ಲ ತೊದಲಿದೆ. ಬೇಸಿಗೆ ರಜೆಯಲ್ಲಿ ನಾವು ಹೋಗಬೇಕಿದ್ದದ್ದು ಮೇಷ್ಟ್ರುಗಳ ಒಂದು ಗುಂಪಿನ ಜೊತೆ, ಉತ್ತರದ ಬೆಟ್ಟಗಳಿಗೆ. ಅಲ್ಲಿ ದಾರಿಯುದ್ದಕ್ಕೂ ಚಹಾದಂಗಡಿಗಳಿವೆಯಂತೆ.

ಈ ತಿರುಗಾಟದ ಹುಚ್ಚು ನನ್ನದಲ್ಲ, ಆಕೆಯದು. ಕೆಲವು ವರ್ಷಗಳ ಹಿಂದೆ ಆಕೆಗೆ ಸಕ್ಕರೆ ಕಾಯಿಲೆ ಗೊತ್ತಾಯಿತು. ನಡೆಯಬೇಕೆಂದು ಡಾಕ್ಟರು ಹೇಳಿದರು. ಆಕೆ ಅದನ್ನು ಬಿಡಿಸದೆ ಬಿಡಬಾರದ ಲೆಕ್ಕದಂತೆ ಹಿಡಿದಳು. ಬೆಳಗಾದರೆ ಶಹಾಪುರದ ಬೆಟ್ಟದ ಬುಡದವರೆಗೆ ಹೋಗಿ ಬರುವುದು, ರೊಟ್ಟಿಯಲ್ಲಿ ಅರ್ಧ ನನ್ನ ತಾಟಿಗೆ ದಾಟಿಸುವುದು. ಆಕೆ ತೆಳ್ಳಗಾದಳು, ನಾನು ದಪ್ಪಗಾದೆ.

ಆಕೆಗೆ ಸಾವಿನ ಭಯವಿಲ್ಲ, ಕಾಲಿನ ಭಯ. ಆಕೆಯ ತಾಯಿಗೂ, ಅಂದರೆ ನಮ್ಮ ಅತ್ತೆಗೂ, ಇದೇ ಕಾಯಿಲೆಯಿತ್ತು. ಚಪ್ಪಲಿಯಲ್ಲಿ ಎದ್ದಿದ್ದ ಮೊಳೆಯ ಮೇಲೆ ಒಂದಿಡೀ ದಿನ ಓಡಾಡಿದರು, ಗೊತ್ತೇ ಆಗಲಿಲ್ಲ. ಸಂಜೆ ರಕ್ತ ನೋಡಿ ಮನೆಯವರೆಲ್ಲ ನೋಯುತ್ತದೆಯೇ ಎಂದು ಕೇಳಿದರೆ "ಏನೂ ಇಲ್ಲವಾ" ಎಂದು ನಗುತ್ತಿದ್ದರಂತೆ. ಆ "ಏನೂ ಇಲ್ಲ" ಎನ್ನುವ ಮಾತೇ ಕೊನೆಗೆ ಅವರ ಪಾದವನ್ನು ತಿಂದಿತು. ಕೊಯ್ದ ಕಾಲಿಗೆ ಬಟ್ಟೆ ಸುತ್ತಿದವಳು ನನ್ನ ಹೆಂಡತಿ.

ಅದಕ್ಕೇ ಯಾದಗಿರಿಯ ಡಾಕ್ಟರು ಆಕೆಗೆ ಕಣ್ಣು ಮುಚ್ಚಲು ಹೇಳಿ, ಎಳೆಯಂಥ ಒಂದು ತಂತುವಿನಿಂದ ಕಾಲ್ಬೆರಳುಗಳನ್ನು ಮುಟ್ಟಿ ಮುಟ್ಟಿ ಯಾವುದೆಂದು ಕೇಳಿದಾಗ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಆಕೆ ಒಂದೂ ತಪ್ಪದೆ ಹೇಳಿದಳು. "ಹೋಗಿ ಬರ್ರಿ" ಎಂದರು ಡಾಕ್ಟರು, "ಆದ್ರ ಕಾಲಿಗಿ ಬಿಗಿ ಆಗೋದು ಏನೂ ಹಾಕಬ್ಯಾಡ್ರಿ. ಕುಂತಲ್ಲಿ ಬೂಟು ಬಿಚ್ಚಿ ನೋಡ್ಕೊಳ್ರಿ." ನಾವು ಅಲ್ಲಿಂದ ನೇರ ಬಜಾರಕ್ಕೆ ಹೋಗಿ ಒಂದು ಅಳತೆ ದೊಡ್ಡ ಬೂಟು, ಸಡಿಲ ಕಾಲುಚೀಲ ಕೊಂಡೆವು. ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆವು ಎಂಬ ಹೆಮ್ಮೆ ಬೇರೆ.

ಅದೇ ದಿನ ಚಾಕುವಿನ ಜಗಳವೂ ಮುಗಿಯಿತು. ಸ್ಟೇಷನ್ ದಾರಿಯ ಹಾರ್ಡ್‌ವೇರ್ ಅಂಗಡಿಯವರು ನಮಗೆ ಹಳೆಯ ಪರಿಚಯ. ನಾನು ಇಕ್ಕಳ ಇರುವ ಮಲ್ಟಿಟೂಲ್ ತೋರಿಸಿರೆಂದೆ. ಕೈಯಲ್ಲಿ ಇಕ್ಕಳವಿದ್ದರೆ ಗಂಡಸಿಗೆ ಒಂದು ಧೈರ್ಯ, ಅಷ್ಟೇ. ಆಕೆ ಕತ್ತರಿ ಇರಲೇಬೇಕೆಂದಳು.

"ನನ್ನ ಕಾಲಿನ ಪಟ್ಟಿ, ಟೇಪು ಎಲ್ಲಾ ಕತ್ತರಿಲೆ ಕತ್ತರಿಸಬೇಕು. ಚಾಕು ಕೊಟ್ರ ನೀವು ಪಟ್ಟಿ ಬಿಟ್ಟು ಬೆರಳ ಕೊಯ್ತೀರಿ."

ಅಂಗಡಿಯವರು ನಕ್ಕು ಅಂಗೈಯಷ್ಟು ಉದ್ದದ ಒಂದನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ನಡುವೆ ಇಕ್ಕಳ, ಅದರ ಬುಡದಲ್ಲಿ ತಂತಿ ಕತ್ತರಿಸುವ ಬಾಯಿ, ಒಂದು ಹಿಡಿಯೊಳಗೆ ಬೆರಳುದ್ದದ ಚಾಕು, ಇನ್ನೊಂದರೊಳಗೆ ಪುಟ್ಟ ಕತ್ತರಿ. "ಪಕ್ಕಡ ನಿಮ್ಗ ಸರ್, ಕತ್ರಿ ಮೇಡಮ್ಮೋರ್ಗೆ. ಝಗಡಾ ಖತಂ" ಎಂದರು. ಆಕೆ ಅದನ್ನು ಕೈಯಲ್ಲಿ ತೂಗಿ ನೋಡಿ, ಕತ್ತರಿಯಿಂದ ತನ್ನ ಕೈವಸ್ತ್ರದ ಎಳೆಯೊಂದನ್ನು ಕತ್ತರಿಸಿ, ಹೂಂ ಎಂದಳು. ಒರೆಯ ಚಾಕುವಿಗೆ ನಾನು ಮನಸ್ಸಿನಲ್ಲೇ ಶರಣು ಹೇಳಿ ಕೈಬಿಟ್ಟೆ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ತಿಂಗಳುಗಟ್ಟಲೆ ತಲೆಯಲ್ಲಿ ಗುಂಯ್‌ಗುಡುತ್ತಿದ್ದದ್ದು ನಿಂತಿತಲ್ಲ, ಹಗುರಾಯಿತು.

ರಜೆಗೆ ಮೊದಲು ಒಂದು ತಾಲೀಮು ಆಗಲಿ ಎಂದು ಶಹಾಪುರದಿಂದ ಸುರಪುರಕ್ಕೆ, ತುಂಬಿದ ಚೀಲ ಹೊತ್ತು, ಹೊಲದ ದಾರಿಯಲ್ಲಿ ನಡೆಯುವುದೆಂದು ನಿಶ್ಚಯಿಸಿದೆವು. ನಡುವೆ ಪರಿಚಯದ ಮನೆಯೊಂದರಲ್ಲಿ ರಾತ್ರಿ ವಸ್ತಿ. ಹೊರಡುವ ಹಿಂದಿನ ಸಂಜೆ ಆಕೆ ಪಡಸಾಲೆಯಲ್ಲಿ ಕೂತು ಕಾಲುಂಗುರಕ್ಕೆ ದಾರ ಸುತ್ತುತ್ತಿದ್ದಳು. ತೆಳ್ಳಗಾದ ಮೇಲೆ ಅವು ಸಡಿಲಾಗಿದ್ದವು. ಹಾಗಾದಾಗ ದಾರ ಸುತ್ತಿ ಬಿಗಿ ಮಾಡಿಕೊಳ್ಳುವುದು ನಮ್ಮ ಕಡೆಯ ಹೆಂಗಸರೆಲ್ಲ ಮಾಡುವ ಕೆಲಸ. ಬೂಟಿನಲ್ಲಿ ಜಾರಿ ಎಲ್ಲಿಯಾದರೂ ಬಿದ್ದರೆ? ಗಂಡ ಬದುಕಿರುವಾಗ ಕಾಲುಂಗುರ ಕಳೆಯುವುದು ಸಣ್ಣ ಮಾತಲ್ಲ. ಆದ್ದರಿಂದ ಆ ದಿನ ನಾಲ್ಕು ಸುತ್ತು ಹೆಚ್ಚೇ ಸುತ್ತಿದಳು. ಉಳಿದ ತುದಿಯನ್ನು ಹೊಸ ಕತ್ತರಿಯಿಂದ ನಾನೇ ಕತ್ತರಿಸಿ ಕೊಟ್ಟೆ. ಬಿಗಿಯಾದದ್ದೇನೂ ಬೇಡವೆಂದ ಡಾಕ್ಟರ ಮಾತು ಇಬ್ಬರಿಗೂ ನೆನಪಾಗಲಿಲ್ಲ. ಬೂಟು, ಕಾಲುಚೀಲ ನಾವು ಹಾಕಿಕೊಳ್ಳುವಂಥವು. ಕಾಲುಂಗುರವೋ ಕಾಲಿನದೇ ಒಂದು ಭಾಗ ಅಲ್ಲವೇ?

ಮೊದಲ ದಿನ ಚೆನ್ನಾಗಿ ಹೋಯಿತು. ಎದುರಿಗೆ ಬಂದವರೆಲ್ಲ ಗಾಡಿ ನಿಲ್ಲಿಸಿ "ಬಸ್ ತಪ್ಪೇತೇನ್ರಿ ಸರ್, ಕುಂದರ್ರಿ" ಎನ್ನುವರು. ಸುಮ್ಮನೆ ನಡೆಯುತ್ತಿದ್ದೇವೆ ಎಂದರೆ ನಂಬುವುದಿಲ್ಲ. ಒಬ್ಬ ಮುದುಕರು ಮನೆಯಲ್ಲಿ ಜಗಳವೇನಾದರೂ ಆಗಿದೆಯೇ ಎಂದೇ ಕೇಳಿದರು. ಕೂತಲ್ಲೆಲ್ಲ ಬೂಟು ಬಿಚ್ಚಿಸಿ ಆಕೆಯ ಪಾದ ನೋಡುವುದು ನನ್ನ ಪಾಲಿನ ಕೆಲಸ, ಚಾಚೂ ತಪ್ಪದೆ ಮಾಡಿದೆ.

ಎರಡನೆಯ ದಿನ ಕಾಲುವೆಯ ನೀರು ಭತ್ತದ ಗದ್ದೆಯಿಂದ ಉಕ್ಕಿ ದಾರಿಗೆ ಬಂದಿತ್ತು. ಕೆಸರಿನಲ್ಲಿ ಬೂಟು ಒದ್ದೆಯಾದವು. ಬಿಚ್ಚಿದರೆ ಮತ್ತೆ ಹಾಕಿಕೊಳ್ಳುವುದು ಕಷ್ಟ, ಸುರಪುರದ ಗುಡ್ಡ ಕಾಣಿಸುತ್ತಲೇ ಇದೆ, ಊಟಕ್ಕೆ ಕೂತಾಗ ನೋಡಿದರಾಯಿತು ಎಂದಳು. ಬಿಸಿಲು ಚುರುಗುಡುವ ಹೊತ್ತಿಗೆ ಡಾಂಬರು ರಸ್ತೆ ಸಿಕ್ಕಿತು. ಬದಿಯ ಬೇವಿನ ಮರದ ಕೆಳಗೆ ಟವೆಲ್ ಹಾಸಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ನಾನು ಆಕೆಯ ಎಡಗಾಲಿನ ಕಾಲುಚೀಲ ಎಳೆದೆ.

ಹೆಬ್ಬೆರಳಿನ ಪಕ್ಕದ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಊದಿಕೊಂಡು ಕಾಲುಂಗುರ ಅರ್ಧ ಮುಳುಗಿಹೋಗಿತ್ತು. ನೆನೆದ ದಾರ ಬಿಗಿದು ಚರ್ಮದೊಳಗೆ ಕೂತಿತ್ತು.

"ನೋಯ್ತದೇನು?"

"ಇಲ್ಲಲ್ಲ. ಏನೂ ಇಲ್ಲ" ಎಂದಳು. ಹಾಗೆಂದ ಕೂಡಲೇ ತನ್ನ ಬಾಯಿಂದ ಏನು ಬಂತೆಂದು ಆಕೆಗೇ ಗೊತ್ತಾಯಿತು. ಮುಖ ಬಿಳಿಚಿತು. ಅತ್ತೆಯ ಹೆಸರು ಇಬ್ಬರೂ ಎತ್ತಲಿಲ್ಲ.

ಮಲ್ಟಿಟೂಲಿನ ಕತ್ತರಿ ಹೊರತೆಗೆದೆ. ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು, ಅದರ ಸಣ್ಣ ತುದಿಯನ್ನು ದಾರದ ಕೆಳಗೆ ತೂರಿಸಿ ಎಳೆ ಎಳೆಯಾಗಿ ಕತ್ತರಿಸಿದೆ. ಆ ಒರೆಯ ಚಾಕು ಇದ್ದಿದ್ದರೆ ಏನು ಮಾಡುತ್ತಿದ್ದೆನೋ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ದಾರ ಬಂತು. ಉಂಗುರ ಬರಲಿಲ್ಲ. ಗಿಣ್ಣು ಊದಿತ್ತು, ತಿರುಗಿಸಲೂ ಆಗಲಿಲ್ಲ.

"ಇದನ್ನ ಕತ್ತರಿಸಬೇಕು" ಎಂದು ಇಕ್ಕಳ ಬಿಚ್ಚಿದೆ.

ಆಕೆ ಕಾಲು ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ್ರಿ. ಸುರಪುರಕ್ಕ ಹೋಗಿ ಎಣ್ಣಿ ಹಚ್ಚಿ ತಗದ್ರಾತು."

"ಅಲ್ಲೀತನ ಬೆರಳು ಕಾಯ್ತದೇನು?"

"ನೀವು ಎದುರಿಗಿ ಕುಂತೀರಿ. ನಿಮ್ಮ ಮುಂದ ಅದನ್ನ ಕತ್ತರಿಸಂದ್ರ ನನ್ನ ಮನಸ್ಸು ಹ್ಯಾಂಗ ಒಪ್ತದ್ರಿ?"

ಮಕ್ಕಳಿಗೆ ತರ್ಕ ಕಲಿಸುವ ಹೆಂಗಸು! ನನಗೆ ಸಿಟ್ಟು ನೆತ್ತಿಗೇರಿತು. "ಏ, ಯಾರ ಆಯುಷ್ಯಕ್ಕಂತ ಹಾಕ್ಕೊಂಡೀ ನೀ ಇದನ್ನ? ನನ್ನದಕ್ಕಲ್ಲ? ನಾನು ಜೀವಂತ ಕುಂತು ಹೇಳಾಕತ್ತೀನಿ, ಕತ್ತರಿಸು ಅಂತ. ನಾ ಬದುಕಿ, ನೀ ಕಾಲು ಕಳಕೊಂಡ್ರ ಆ ಬದುಕು ತಗೊಂಡು ಏನ್ ಮಾಡ್ಲಿ ನಾನು?" ಎಂದು ಕೂಗಿದೆ. ರಸ್ತೆಯಲ್ಲಿ ಯಾರಾದರೂ ಹೋಗುತ್ತಿದ್ದರೆ ಮನೆ ಜಗಳವೆಂದೇ ತಿಳಿಯುತ್ತಿದ್ದರು.

ಆಕೆ ಮೆಲ್ಲಗೆ ಕಾಲು ಮುಂದೆ ಚಾಚಿದಳು. ನಾನು ಬಗ್ಗಿ ಎರಡು ಸಲ ಪ್ರಯತ್ನಿಸಿದೆ. ಇಕ್ಕಳದ ಬಾಯಿ ಉಂಗುರಕ್ಕೆ ಸಿಗುತ್ತಿಲ್ಲ, ಚರ್ಮಕ್ಕೆ ತಾಗುತ್ತಿದೆ.

"ಇಲ್ಲಿ ಕೊಡ್ರಿ" ಎಂದು ಆಕೆ ಕೈ ಚಾಚಿದಳು. ನಾನು ಅದನ್ನು ಟವೆಲ್ಲಿನ ಮೇಲೆ ಇಟ್ಟೆ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಅವ್ವ ಕಲಿಸಿದ್ದು, ಆ ಗಾಬರಿಯಲ್ಲೂ ಬಿಟ್ಟಿರಲಿಲ್ಲ.

"ಈಗ ನಡದಿದ್ದೇನು, ಭಜನಿಯೇನ್ರಿ?" ಎಂದು ಆಕೆ ಅದನ್ನು ಎತ್ತಿಕೊಂಡಳು. ಒಂದು ಕಡೆ ಉಂಗುರಕ್ಕೂ ಚರ್ಮಕ್ಕೂ ನಡುವೆ ಒಂದಿಷ್ಟು ಸಂದಿತ್ತು. ಅಲ್ಲಿ ಇಕ್ಕಳದ ಬಾಯಿ ಸೇರಿಸಿ, ಕಣ್ಣು ಮುಚ್ಚಿ ಏನೋ ಗೊಣಗಿ, ಒತ್ತಿದಳು. ಬೆಳ್ಳಿ ಮೆತ್ತಗೆ ತುಂಡಾಯಿತು. ಕಡಿದ ತುದಿಯನ್ನು ಹಿಡಿದು ನಾನು ಅಗಲಿಸಿದೆ. ಉಂಗುರ ಕಳಚಿ ಬಂತು. ಬಲಗಾಲಿನದಕ್ಕೆ ಊತವಿರಲಿಲ್ಲ, ದಾರ ಕತ್ತರಿಸಿದ ಕೂಡಲೇ ಜಾರಿತು. ಅದನ್ನೂ ತೆಗೆದುಬಿಟ್ಟಳು.

ಎಡಗಾಲಿನ ಬೆರಳ ಸುತ್ತ ಆಳವಾದ ಗೆರೆ. ಚರ್ಮ ಹರಿದಿರಲಿಲ್ಲ, ಅದೊಂದು ಪುಣ್ಯ. ಸ್ವಲ್ಪ ಹೊತ್ತಿಗೆ ನೇರಳೆ ಬಣ್ಣ ಬುಡದಿಂದ ತಿಳಿಯಾಗುತ್ತ ಬಂತು. ನಾನು ಬೆರಳ ತುದಿ ಮುಟ್ಟಿ, "ಗೊತ್ತಾಗ್ತದೇನು?" ಎಂದೆ.

"ಇಲ್ಲ."

ಇನ್ನಷ್ಟು ಒತ್ತಿದೆ. "ಈಗ?"

ಆಕೆ ಇಲ್ಲವೆಂದು ತಲೆಯಾಡಿಸಿದಳು. ರೊಟ್ಟಿಯ ಗಂಟನ್ನು ಹಾಗೇ ಕಟ್ಟಿ ಚೀಲಕ್ಕೆ ತುರುಕಿದೆ. ಸುರಪುರದ ಪಕ್ಕದ ರಂಗಂಪೇಟೆ ಕಡೆ ಹೋಗುವ ಟಂಟಂ ಆಟೊ ಒಂದು ಬರುತ್ತಿತ್ತು, ಅಡ್ಡ ನಿಂತು ಕೈ ಮಾಡಿದೆ. ಆಸ್ಪತ್ರೆಗೆ ಎಂದೊಡನೆ ಚಾಲಕ ಹಿಂದಿನ ಸೀಟು ಖಾಲಿ ಮಾಡಿಕೊಟ್ಟ. ಆಕೆ ಎಡಗಾಲನ್ನು ನನ್ನ ತೊಡೆಯ ಮೇಲಿಟ್ಟು ಹೊರಗೆ ನೋಡುತ್ತ ಕೂತಳು. ಹೊಲ, ಹತ್ತಿ, ಮೆಣಸಿನಕಾಯಿ ಹಿಂದೆ ಸರಿಯುತ್ತಿದ್ದವು. ನಾನು ಬೆರಳನ್ನೇ ನೋಡುತ್ತಿದ್ದೆ. ಬಣ್ಣ ಬಂದಿತ್ತು, ಬೆಚ್ಚಗೂ ಆಗಿತ್ತು. ಆದರೂ ಆ "ಇಲ್ಲ" ನನ್ನ ಕಿವಿಯಲ್ಲಿ ಕೂತಿತ್ತು.

ಹಳ್ಳದ ಸೇತುವೆ ದಾಟಿದ ಮೇಲೆ ರಸ್ತೆಯಲ್ಲಿ ದೊಡ್ಡ ತಗ್ಗು. ಟಂಟಂ ಧಡಾರನೆ ಅದರಲ್ಲಿ ಇಳಿದು ಎದ್ದಿತು. ಆಕೆಯ ಕಾಲು ನನ್ನ ತೊಡೆಯಿಂದ ಹಾರಿ ಮುಂದಿನ ಕಬ್ಬಿಣದ ಸರಳಿಗೆ ಬಡಿಯಿತು.

"ಎಪ್ಪಾ! ಸತ್ತೆ!" ಎಂದು ಕಿರುಚಿದಳು.

ಚಾಲಕ ಗಾಬರಿಯಾಗಿ ಗಾಡಿ ನಿಧಾನಿಸಿದ. "ಮಾಫ್ ಮಾಡ್ರಿ ಅಮ್ಮಾ, ತಗ್ಗು ಕಾಣಲಿಲ್ರಿ."

"ಯಾವ ಬೆರಳು?" ಎಂದು ನಾನು ಅವಳ ಕಾಲು ಹಿಡಿದುಕೊಂಡೆ. "ಹೇಳು, ಯಾವುದು?"

"ಅದಽ ರೀ! ಮತ್ಯಾವುದು! ಕೈ ತಗೀರಿ, ಉರಿಯಾಕತ್ತದ!"

ನಾನು ಕೈ ತೆಗೆಯಲಿಲ್ಲ. ಬೆರಳ ತುದಿಯನ್ನು ಮೆಲ್ಲಗೆ ಚಿವುಟಿದೆ. ಆಕೆ ನನ್ನ ಭುಜಕ್ಕೆ ಗುದ್ದಿದಳು. "ತಲಿ ಕೆಟ್ಟದೇನ್ರಿ ನಿಮಗ? ನೋಯಾಕತ್ತದ ಅಂದೆನಲ್ಲ!"

ಎಂದವಳು ತೆರೆದ ಬಾಯಲ್ಲೇ ತನ್ನ ಬೆರಳನ್ನು ನೋಡಿದಳು. ಆಮೇಲೆ ನಿಧಾನವಾಗಿ, ಈ ಸಲ ತನಗೇ ಹೇಳಿಕೊಳ್ಳುವವಳಂತೆ, "ನೋಯಾಕತ್ತದ್ರಿ" ಎಂದಳು. ಕಣ್ಣು ತುಂಬಿ ಬಂದವು, ನನ್ನವೂ. ಪಾಪ, ಚಾಲಕ ಇನ್ನೂ ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದ. ಸುರಪುರದ ಆಸ್ಪತ್ರೆ ಬರುವವರೆಗೂ ಆಕೆ ನೋಯುತ್ತದೆ ಎನ್ನುತ್ತಲೇ ಇದ್ದಳು, ನಾನು ಹೂಂ, ಹೂಂ ಎನ್ನುತ್ತಲೇ ಇದ್ದೆ.