ಮೂರು ಜನ ಹತ್ತಿ ನೋಡಿದ ಸೈಕಲ್ಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಕ್ಕನ ಸೈಕಲ್ಲು ಆರಿಸಿದವನು ನಾನು. ಅಂದರೆ, ಅಂಗಡಿಯ ಮುಂದೆ ಅದನ್ನು ಹತ್ತಿ, ಎರಡು ಸುತ್ತು ಹೊಡೆದು, ಇಳಿದು, ಹೆಬ್ಬೆರಳೆತ್ತಿ 'ಬೆಂಕಿ!' ಅಂದ ಮೂರನೆಯ ಗಂಡಸು ನಾನು. ನನಗಿಂತ ಮುಂಚೆ ಅಪ್ಪ ಹತ್ತಿದ್ದರು, ಭಾವ ಹತ್ತಿದ್ದರು. ಈಗ ಆ ಸೈಕಲ್ಲು ನಮ್ಮ ಮನೆಯ ಪಡಸಾಲೆಯಲ್ಲಿ ನಿಂತಿದೆ. ಹ್ಯಾಂಡಲ್ಲಿನ ಮೇಲೆ ನನ್ನ ಟವೆಲ್ಲು ಒಣಗುತ್ತದೆ. ಹತ್ತಿ ಕೂತರೆ ನನಗೆ ಹೇಳಿ ಮಾಡಿಸಿದ ಹಾಗಿದೆ. ಬೇಜಾರಿನ ಸಂಗತಿ ಅಂದರೆ ಅದೇ.

ನನ್ನ ಪರಿಚಯ ಹೇಳಿಬಿಡಬೇಕು. ದುರ್ಗದ ಸುತ್ತಮುತ್ತ ಮದುವೆ ಆರತಕ್ಷತೆ, ಕಾಲೇಜು ವಾರ್ಷಿಕೋತ್ಸವ ಅಂತ ಎಲ್ಲಿ ಮೈಕು ಕಂಡರೂ ಮಿಮಿಕ್ರಿ ಮಾಡುವವನು ನಾನು. ಸಿರಿಗೆರೆ ಬಸ್ಸಿನ ಕಂಡಕ್ಟರು 'ರೈಟ್' ಅನ್ನುವ ಮೊದಲು ಮೂಗಿನಲ್ಲಿ ತೆಗೆಯುವ ರಾಗ, ಹೊಳಲ್ಕೆರೆ ಮಾವ ಫೋನೆತ್ತಿದಾಗ ಊರಿಗೆಲ್ಲ ಕೇಳಿಸುವ 'ಹಲೋ', ನಮ್ಮ ಭಾವ ಮೂರು ಕಂತಿನಲ್ಲಿ ಸೀನುವ ಸೀನು, ಯಾವುದು ಬೇಕು ಹೇಳಿ. ಒಂದು ಸಲ ಕಿವಿಗೆ ಬಿದ್ದರೆ ಸಾಕು, ಗಂಟಲಿಗೆ ಬಂದಾಯಿತು. ಇಂಥ ಕಿವಿ ನನಗೆ ಬಿಟ್ಟರೆ ಜಿಲ್ಲೆಯಲ್ಲಿ ಇನ್ನೊಬ್ಬರಿಗಿಲ್ಲ ಅಂತ ನಾನೇ ಸ್ಟೇಜಿನ ಮೇಲೆ ಹೇಳಿಕೊಂಡಿದ್ದೇನೆ. ಆ ಕಿವಿಯ ಬಡಾಯಿ ಸ್ವಲ್ಪ ನೆನಪಿಟ್ಟುಕೊಳ್ಳಿ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಭೀಮಸಮುದ್ರದ ಹೈಸ್ಕೂಲಿನಲ್ಲಿ ಗಣಿತದ ಟೀಚರು, ದಿನಾ ದುರ್ಗದಿಂದ ಬಸ್ಸಿನಲ್ಲಿ ಓಡಾಟ. ಸೈಕಲ್ಲು ಮಾತ್ರ ಬರುತ್ತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಮನೆಯಲ್ಲಿದ್ದದ್ದು ಅಪ್ಪನ ಸೈಕಲ್ಲು ಒಂದೇ, ಅದಕ್ಕೆ ಬೀಗ. ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ಲು ಕೊಡುವ ಹೊತ್ತಿಗೆ ಅವಳು ಎಂಟನೇ ಕ್ಲಾಸು ದಾಟಿ ಎಷ್ಟೋ ವರ್ಷವಾಗಿತ್ತು. ಆ ಸೈಕಲ್ಲು ನನಗೆ ಬಂತು. ನಾನು ಅದನ್ನು ಆರು ತಿಂಗಳಲ್ಲಿ ಗುಜರಿಗೆ ಹಾಕುವ ಹಾಗೆ ಮಾಡಿದೆ.

ಒಂದು ದಿನ ಅವಳು ತುಮಕೂರಿನಲ್ಲಿ ತರಬೇತಿ ಮುಗಿಸಿ ಬರುವಾಗ ಜವನಗೊಂಡನಹಳ್ಳಿ ಹತ್ತಿರ ಬಸ್ಸು ಕೆಟ್ಟು ನಿಂತಿತು. ಕಿಟಕಿಯ ಪಕ್ಕದಲ್ಲಿ ಏಳೆಂಟು ಹೆಂಗಸರು ಬೆನ್ನು ಬಗ್ಗಿಸಿಕೊಂಡು, ಟಗರಿನ ಕೊಂಬಿನಂಥ ಹ್ಯಾಂಡಲ್ಲಿನ ತೆಳ್ಳನೆ ಸೈಕಲ್ಲುಗಳಲ್ಲಿ ಸುಂಯ್ ಅಂತ ದಾಟಿಹೋದರು. ಕೊನೆಯವಳ ಹೆಲ್ಮೆಟ್ಟಿನ ಕೆಳಗೆ ಬಿಳೀ ಜಡೆ. "ನಲವತ್ತು ಜನ ಬಸ್ಸಲ್ಲಿ ಕುಂತಿದ್ವಿ ಕಣೋ, ಮುಂದಕ್ಕೆ ಹೋಗಿದ್ದು ಮಾತ್ರ ಆ ಬಿಳೀ ಜಡೆ ಯಮ್ಮ" ಅಂದಳು ಅಕ್ಕ, ಮನೆಗೆ ಬಂದ ಮೇಲೆ. ಆವತ್ತು ಹಿಡಿದ ಹುಚ್ಚು. ದುರ್ಗದಿಂದ ಹಿರಿಯೂರು ದಾಟಿ ಮಾರಿಕಣಿವೆ ಡ್ಯಾಮಿನ ತನಕ ತನ್ನ ಕಾಲ ಮೇಲೆ ತಾನೇ ಹೋಗಿ, ನೀರು ನೋಡಿ, ಬರಬೇಕು. ಅಷ್ಟೇ ಆಸೆ. ಮೂವತ್ತೆಂಟು ವರ್ಷಕ್ಕೆ ಅವಳು ತನಗೆ ಅಂತ ಬಾಯಿಬಿಟ್ಟು ಹೇಳಿದ ಮೊದಲ ಆಸೆ ಇದು ಅಂತ ಆಗ ನನಗೆ ಹೊಳೆಯಲಿಲ್ಲ. ಹೊಳೆದದ್ದು, ಬಗ್ಗಿ ಕೂತ ಅಕ್ಕನನ್ನು ಹೇಗೆ ಅನುಕರಿಸಬಹುದು ಅನ್ನುವುದು.

ಅವಳು ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಮಕ್ಕಳ ಸೈಕಲ್ಲು ಹತ್ತಿ ಕಲಿತಳು. ಒಂಬತ್ತನೇ ಕ್ಲಾಸಿನ ಹುಡುಗಿಯರು ಕ್ಯಾರಿಯರು ಹಿಡಿದು, "ಟೀಚರ್, ಕೆಳಗ್ ನೋಡ್ಬ್ಯಾಡ್ರಿ, ಮುಂದ್ ನೋಡ್ರಿ!" ಅಂತ ಅವಳ ಪಾಠ ಅವಳಿಗೇ ಒಪ್ಪಿಸಿದರು. ಎರಡು ತಿಂಗಳಿಗೆ ಕ್ಯಾರಿಯರಿನಿಂದ ಕೈ ತೆಗೆದರು. ಆಮೇಲೆ ಅಕ್ಕ ತನ್ನ ಗಣಿತವನ್ನೆಲ್ಲ ಸೈಕಲ್ಲಿಗೆ ಸುರಿದಳು. ಗೋಡೆಗೆ ಬೆನ್ನು ಕೊಟ್ಟು ನಿಂತು, ಎರಡು ಕಾಲಿನ ನಡುವೆ ಹತ್ತನೇ ಕ್ಲಾಸಿನ ಪಠ್ಯಪುಸ್ತಕ ಸಿಕ್ಕಿಸಿಕೊಂಡು, ಅದರ ಮೇಲಂಚಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ನೆಲದಿಂದ ಗೆರೆಯ ತನಕ ಟೇಪು ಹಿಡಿದು ಅಳೆದಳು. ಸೈಕಲ್ಲಿಗೂ ಚಪ್ಪಲಿಯ ಹಾಗೆ ಸೈಜು ಇರುತ್ತದೆ, ಆ ಅಳತೆಯ ಮೇಲೆ ಅದು ಗೊತ್ತಾಗುತ್ತದೆ. ಲೆಕ್ಕ ಮಾಡಿ, ತನ್ನ ಸೈಜು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡಳು. ಆ ಗೆರೆ ಅವರ ಮನೆಯ ಬಾಗಿಲ ಹಿಂದೆ ಈಗಲೂ ಇದೆ. ಮಕ್ಕಳು ಎಷ್ಟು ಎತ್ತರ ಬೆಳೆದರು ಅಂತ ಎಳೆಯುವ ಗೆರೆಯ ಹಾಗೆ.

ಅಂಗಡಿಗೆ ಹೋದದ್ದು ನಾಲ್ಕು ಜನ. ಹೆಣ್ಣುಮಗಳೊಬ್ಬಳು ಸೈಕಲ್ಲು ಕೊಳ್ಳಲು ಮೂರು ಗಂಡಸರು ಯಾಕೆ ಅಂತ ಕೇಳಬೇಡಿ. ನಮ್ಮ ಕಡೆ ಹೆಣ್ಣು ನೋಡಲು ಹನ್ನೊಂದು ಜನ ಹೋಗುತ್ತಾರೆ.

ಅಂಗಡಿಯವನು ಭಾವನ ಮುಖ ನೋಡಿ ಕೇಳಿದ: "ಮೇಡಮ್ಮೋರಿಗೆ ಯಾವ ಕಲರ್ ಬೇಕಂತೆ ಸಾರ್?" ಮೇಡಮ್ಮೋರು ಅವನಿಂದ ಎರಡಡಿ ದೂರದಲ್ಲಿದ್ದರು. ಭಾವ "ಕಲರ್ ಯಾವ್ದಾದ್ರೇನು, ಗಟ್ಟಿ ಇರ್ಲಿ" ಅಂದರು. ಅಕ್ಕ ಕಂಡಿದ್ದಂಥ ಟಗರುಕೊಂಬಿನ ಹ್ಯಾಂಡಲ್ಲಿನ ಸೈಕಲ್ಲು ಆ ಅಂಗಡಿಯಲ್ಲಿದ್ದದ್ದು ಎರಡು. ಕೆಳಗೆ ಒಂದು ನಿಂತಿತ್ತು, ಸೂರಿನಿಂದ ಚಿಕ್ಕದೊಂದು ನೇತಾಡುತ್ತಿತ್ತು. ಚಿಕ್ಕದನ್ನು ಇಳಿಸಲು ಏಣಿ ಬೇಕು. ಅಂಗಡಿಯವನಿಗೆ ಏಣಿ ತರುವ ಮನಸ್ಸಿರಲಿಲ್ಲ. ಕೆಳಗಿದ್ದದ್ದನ್ನೇ ಹೊರಗೆ ತಂದ.

ಅಪ್ಪ ಪಂಚೆ ಎತ್ತಿಕಟ್ಟಿ ಒಂದು ಸುತ್ತು ಹೋಗಿ ಬಂದರು. "ಹಗುರ ಐತೆ" ಅಂದರು. ಅಕ್ಕ ಏನೋ ಅಂದಳು, ಅಷ್ಟರಲ್ಲಿ ಭಾವ ಹತ್ತಿದ್ದರು. ಬ್ರೇಕು ಹಿಡಿದು, ಬಿಟ್ಟು, ಹಿಡಿದು, ಮೂರು ಕಂತಿನಲ್ಲಿ ಸೀನಿ, "ಪರವಾಗಿಲ್ಲ" ಅಂದರು. ಅಕ್ಕ ಮತ್ತೆ ಏನೋ ಅಂದಳು, ಆಗ ಒಂದು ಲಾರಿ ಹೋಯಿತು. ನಾನು ಹತ್ತಿದೆ. ಇಳಿದು 'ಬೆಂಕಿ' ಅಂದೆ. ಅಕ್ಕ ಇನ್ನೊಂದು ಸಲ ಏನೋ ಅನ್ನುತ್ತಿದ್ದಳು. ನಾನು ಅಂಗಡಿಯವನ ದನಿಯಲ್ಲಿ "ಪ್ಯಾಕ್ ಮಾಡ್ಲಾ ಸಾರ್?" ಅಂದುಬಿಟ್ಟೆ. ಎಲ್ಲರೂ ನಕ್ಕರು, ಅಂಗಡಿಯವನೂ ನಕ್ಕ. ವ್ಯಾಪಾರ ಮುಗಿಯಿತು.

ಸ್ವಲ್ಪ ಎತ್ತರ ಆಗುತ್ತದೇನೋ ಅಂತ ಅಪ್ಪನಿಗೆ ಅನುಮಾನ ಬಂದದ್ದು ಬಿಲ್ಲು ಹರಿದ ಮೇಲೆ. ಅಂಗಡಿಯವನು ಒಂದೇ ಮಾತಿನಲ್ಲಿ ತೀರಿಸಿದ: "ಓಡಿಸ್ತಾ ಓಡಿಸ್ತಾ ಒಗ್ಗತೈತೆ ಬಿಡ್ರಿ."

ಒಗ್ಗತೈತೆ. ನಮ್ಮ ಸೀಮೆಯಲ್ಲಿ ಈ ಮಾತಿನಿಂದ ನಡೆಯುವಷ್ಟು ಸಂಸಾರ ಬೇರೆ ಯಾವುದರಿಂದಲೂ ನಡೆಯುವುದಿಲ್ಲ. ಹೊಸ ಚಪ್ಪಲಿ ಕಚ್ಚಿದರೆ ಒಗ್ಗತೈತೆ. ಬೋರಿನ ನೀರು ಉಪ್ಪಾದರೆ ಒಗ್ಗತೈತೆ. ಅಕ್ಕ ಗಂಡನ ಮನೆಗೆ ಹೊರಟ ದಿನ ಹೊಸ್ತಿಲಲ್ಲಿ ನಿಂತು ಅತ್ತಾಗ ಅಪ್ಪ ತಲೆ ಸವರಿ ಅಂದದ್ದೂ ಅದನ್ನೇ: "ಮೊದ್ಲು ಮೊದ್ಲು ಹಂಗೇ ಅನ್ನಿಸ್ತೈತಮ್ಮ. ಆಮೇಲೆ ಒಗ್ಗತೈತೆ." ವಿಚಿತ್ರ ನೋಡಿ, ಈ ಮಾತನ್ನು ಹೇಳುವವರು ಯಾರೂ ಯಾವುದಕ್ಕೂ ಒಗ್ಗಿದ್ದನ್ನು ನಾನು ಕಂಡಿಲ್ಲ. ಭಾವನಿಗೆ ಇವತ್ತಿಗೂ ತಲೆದಿಂಬು ಬದಲಾದರೆ ನಿದ್ದೆ ಬರುವುದಿಲ್ಲ. ದುರ್ಗದವರಾದ ನಾವು ಮಾತೆತ್ತಿದರೆ ಕೋಟೆಯ ಕಿಂಡಿಯಲ್ಲಿ ಒನಕೆ ಹಿಡಿದು ನಿಂತವಳ ಕತೆ ಹೇಳಿ ಎದೆಯುಬ್ಬಿಸುತ್ತೇವೆ. ಆ ಒನಕೆ ಅವಳದೇ ಮನೆಯದು, ದಿನಾ ಕುಟ್ಟಿ ಕುಟ್ಟಿ ಅವಳ ಕೈಗೆ ಕೂತದ್ದು. ಮೂರು ಜನ ಗಂಡಸರು ಎತ್ತಿ ನೋಡಿ 'ಬೆಂಕಿ' ಅಂತ ಆರಿಸಿಕೊಟ್ಟ ಒನಕೆಯಾಗಿದ್ದರೆ ಕೋಟೆ ಅವತ್ತೇ ಹೋಗಿರುತ್ತಿತ್ತು.

ಎರಡನೇ ದಿನ ಅಕ್ಕ ಫೋನು ಮಾಡಿದಳು. "ಕಾಲು ನೆಲಕ್ಕೆ ಎಟಕಲ್ಲ ಕಣೋ. ಕೈ ಚಾಚಿದ್ರೆ ಬ್ರೇಕಿಗೆ ಬೆರಳ ತುದಿ ತಾಗತೈತೆ, ಹಿಡಿಯಾಕೆ ಬರಲ್ಲ." ನಾನು ಅಂಗಡಿಯವನನ್ನು ಕೇಳಿದೆ. ಓಡಿಸಿದ ಸೈಕಲ್ಲು ವಾಪಸ್ಸಿಲ್ಲ ಅಂದ, ಮತ್ತೆ ಅದೇ ಮಾತು ಅಂದ. ಅದನ್ನು ಅಕ್ಕನಿಗೆ ಅವನ ದನಿಯಲ್ಲೇ ಮುಟ್ಟಿಸಿದೆ: "ಒಗ್ಗತೈತೆ ಬಿಡ್ರಿ ಮೇಡಮ್ಮೋರೇ." ಅವಳಿಗೂ ನಗು ಬಂತು. ನಾನು ಮಾಡಿದ ಅತಿ ದೊಡ್ಡ ತಪ್ಪು ಹಾಗೆ ನಗಿಸಿದ್ದು. ನಕ್ಕವಳು ಮತ್ತೆ ಕೇಳಲಿಲ್ಲ.

ಹನ್ನೆರಡನೇ ದಿನ, ಭಾನುವಾರ ಬೆಳಿಗ್ಗೆ, ಭೀಮಸಮುದ್ರದ ದಾರಿಯ ಇಳಿಜಾರಿನಲ್ಲಿ ಎದುರಿಗೆ ಅಡಿಕೆ ಮೂಟೆ ಹೇರಿದ ಟ್ರಾಕ್ಟರು ಬಂತು. ಬ್ರೇಕು ಬೆರಳಿಗೆ ಸಿಗಲಿಲ್ಲ. ಅಕ್ಕ ಜಲ್ಲಿಯ ಕಡೆ ಹೊರಳಿಸಿದಳು. ಎಡಗೈ ಮಣಿಕಟ್ಟು ಮುರಿಯಿತು. ಟ್ರಾಕ್ಟರಿನವನೇ ಆಸ್ಪತ್ರೆಗೆ ತಂದ. ಅಲ್ಲಿ ಭಾವ "ನಾನು ಮೊದ್ಲೇ ಅಂದಿದ್ದೆ, ಹೆಂಗಸರಿಗೆ ಇವೆಲ್ಲ ಆಗಿಬರಲ್ಲ" ಅಂದರು. ಅವರು ಮೊದಲು ಅಂದದ್ದು 'ಪರವಾಗಿಲ್ಲ' ಅಂತ. ಅನುಕರಿಸುವವನಿಗೆ ಮಾತು ಮರೆಯುವುದಿಲ್ಲ. ಬಂದು ಹೋದವರೆಲ್ಲ ಅಕ್ಕನ ವಯಸ್ಸನ್ನು ಬೈದರು, ಹುಚ್ಚನ್ನು ಬೈದರು, ಚೂಡಿದಾರದ ದುಪಟ್ಟಾವನ್ನೂ ಬೈದರು. ಸೈಕಲ್ಲಿನ ಸೈಜನ್ನು ಯಾರೂ ಬೈಯಲಿಲ್ಲ.

ಯುಗಾದಿಗೆ ಎಲ್ಲರೂ ನಮ್ಮ ಮನೆಯಲ್ಲಿ ಸೇರಿದೆವು. ಪ್ಲಾಸ್ಟರು ಬಿಚ್ಚಿ, ಕೈಗೆ ಬರೀ ಪಟ್ಟಿ ಸುತ್ತಿದ್ದ ಅಕ್ಕ ಬಲಗೈ ಒಂದರಲ್ಲೇ ಹೋಳಿಗೆ ಬಡಿಸಿದಳು. ಊಟದ ಮೇಲೆ ಅಪ್ಪನೂ ಭಾವನೂ ಅಲ್ಲೇ ಕೂತು ತೀರ್ಮಾನಿಸಿದರು: ಸೈಕಲ್ಲು ಹೇಗೂ ನಿಂತಲ್ಲೇ ನಿಂತಿದೆ, ನನಗೆ ಕೊಟ್ಟುಬಿಡುವುದು. ಈ ಖುಷಿಗೆ ಒಂದು ಐಟಂ ಆಗಲಿ ಅಂತ ಚಿಕ್ಕಮ್ಮ ಅಂದರು. ನನಗೆ ಅಷ್ಟು ಸಾಕು. 'ಸೈಕಲ್ಲು ಖರೀದಿ' ಅಂತ ಶುರುಮಾಡಿದೆ. ಅಂಗಡಿಯವನಾದೆ, ಪಂಚೆ ಎತ್ತಿ ಅಪ್ಪನಾದೆ, ಮೂರು ಕಂತಿನಲ್ಲಿ ಭಾವನಾದೆ. ಕೊನೆಗೆ ಕಾಲು ಮೇಲೆ ಮಾಡಿ "ಅಯ್ಯಯ್ಯೋ ಸತ್ತೆ!" ಅಂತ ಕೀರಲು ದನಿಯಲ್ಲಿ ಅಕ್ಕನಾಗಿ ಬಿದ್ದೆ. ಚಿಕ್ಕಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಬಿದ್ದಾಗ ನಾನು ಕೂಗಲಿಲ್ಲ ಕಣೋ" ಅಂದಳು ಅಕ್ಕ, ಅಡುಗೆಮನೆ ಬಾಗಿಲಲ್ಲಿ ನಿಂತು. "ಹೋಗ್ಲಿ, ನೀನು ಅಲ್ಲಿರಲಿಲ್ಲ. ಅಂಗಡೀಲಿ ಇದ್ದೆಯಲ್ಲ? ಅಲ್ಲಿ ನಾನು ಏನಂದೆ, ಅದನ್ನ ಮಾಡು ನೋಡಾಣ."

ಬಾಯಿ ತೆರೆದೆ. ಅಂಗಡಿಯವನ ರಾಗ ಗಂಟಲಲ್ಲಿತ್ತು, ಲಾರಿಯ ಸದ್ದಿತ್ತು, ಚೈನಿನ ಟಿಕಿಟಿಕಿ ಕೂಡ ಇತ್ತು. ಅಕ್ಕನ ಒಂದು ಅಕ್ಷರ ಇರಲಿಲ್ಲ. ಜಿಲ್ಲೆಗೆಲ್ಲ ಇಲ್ಲದ ಕಿವಿ ಹೊತ್ತುಕೊಂಡು ನೆಲದ ಮೇಲೆ ಹಾಗೇ ಬಿದ್ದಿದ್ದೆ.

ಅಪ್ಪ ನನ್ನ ನೆರವಿಗೆ ಬಂದರು. "ಅಂಗಡೀಲಿ ನೀನೇನೂ ಮಾತಾಡಲಿಲ್ಲವಲ್ಲಮ್ಮ?"

"ಆಡಿದ್ನಪ್ಪ. ಮೂರು ಸಲ. ನಾನೊಂದು ಸಲ ಹತ್ತಿ ನೋಡ್ಲಾ ಅಂತ."

ಭಾವ ಗಂಟಲು ಸರಿಮಾಡಿಕೊಂಡು, "ಆಯ್ತು ಬಿಡು, ಕೈ ನೆಟ್ಟಗಾಗ್ಲಿ. ನಾವು ಮೂರೂ ಜನ ಬಂದು ಈ ಸಲ ಸರಿಯಾಗಿ ನೋಡಿ ಕೊಡಿಸ್ತೀವಿ" ಅಂದರು. ಅಪ್ಪ ತಲೆಯಾಡಿಸಿದರು. ಮಲಗಿದ್ದಲ್ಲಿಂದಲೇ ನಾನೂ ಆಡಿಸಿದೆ.

ಅಕ್ಕ ಹೋಳಿಗೆಯ ತಟ್ಟೆ ಕೆಳಗಿಟ್ಟಳು.

"ಬ್ಯಾಡ. ನಿಮ್ಮ ಮೂರೂ ಜನದ ಅಳತೇದು ಆಗಲೇ ತಂದಾಗೈತೆ. ನಂದು ನಾನೊಬ್ಬಳೇ ಹೋಗಿ ತರ್ತೀನಿ, ನೀವು ಮನೇಲಿ ಕುಂತಿರ್ರಿ. ಮೊದ್ಲು ಮೊದ್ಲು ಹಂಗೇ ಅನ್ನಿಸ್ತೈತೆ. ಆಮೇಲೆ ಒಗ್ಗತೈತೆ."