ಎರಡು ಚಮಚ ಪಂಚಾಮೃತ

"ನಿನ್ನಿ ಬೀಟ್‌ರೂಟ್ ಪಲ್ಯ ಮಾಡಿದ್ದೇನು?" ಬಾತ್‌ರೂಮಿನಿಂದ ಹೊರಬಂದ ನನ್ನ ಗಂಡ ಕೇಳಿದರು.

ನಾನು ಮಾಡಿದ್ದು ಹೀರೇಕಾಯಿ.

ಅವರು ಪೇಪರ್ ಹಿಡಿದು ಕುಳಿತರು. ಅವರಿಗೆ ಮೂತ್ರ ಕೆಂಪಗಾಗಿ ಆಗಲೇ ಮೂರು ವಾರವಾಗಿತ್ತೆಂದು ನನಗೆ ತಿಳಿದದ್ದು ಸೋನೋಗ್ರಫಿಯ ದಿನ, ಅದೂ ಡಾಕ್ಟರು ಒತ್ತಿ ಕೇಳಿದಾಗ. ಮೂವತ್ತು ವರ್ಷ ರಿಫೈನರಿಯಲ್ಲಿ ಶಿಫ್ಟ್ ಮಾಡಿದ ಮನುಷ್ಯ. ಮೈ ಸುಡುತ್ತಿದ್ದರೂ "ಏನಿಲ್ಲ" ಎನ್ನುವುದೇ ಅಭ್ಯಾಸ. ಸಿ.ಟಿ. ಸ್ಕ್ಯಾನಿನಲ್ಲಿ ಎಡ ಕಿಡ್ನಿಯಲ್ಲಿ ಗಡ್ಡೆ ಕಂಡಿತು. ಕ್ಯಾನ್ಸರ್. ಗಡ್ಡೆ ಇನ್ನೂ ಸಣ್ಣದು, ಅಷ್ಟು ಭಾಗ ಮಾತ್ರ ತೆಗೆದು ಕಿಡ್ನಿ ಉಳಿಸಲು ನೋಡುತ್ತೇನೆ, ತಡ ಮಾಡಬೇಡಿ ಎಂದರು ಸರ್ಜನ್.

ತಡ ಮಾಡಿದವಳು ನಾನು.

ನಾವು ವಿಜಯಪುರದವರು. ರಿಫೈನರಿ ಕೆಲಸಕ್ಕೆಂದು ಊರು ಬಿಟ್ಟು ಚೆಂಬೂರಿಗೆ ಬಂದು ಇಷ್ಟು ವರ್ಷವಾದರೂ ಬೆಳಗಿನ ಪೂಜೆ ತಪ್ಪಿಸಿಲ್ಲ. ಅವರನ್ನು ಹಿಂದಿನ ದಿನವೇ ಆಸ್ಪತ್ರೆಗೆ ಸೇರಿಸಿಕೊಂಡಿದ್ದರು; ಆಪರೇಷನ್ ದಿನವೂ ನಾನು ಮನೆಯಲ್ಲಿ ಪೂಜೆ ಮುಗಿಸಿ, ಸ್ಟೀಲ್ ಡಬ್ಬಿಯಲ್ಲಿ ಪಂಚಾಮೃತ ಹಾಕಿಕೊಂಡು ಆಟೋ ಹತ್ತಿದೆ. ರಾತ್ರಿಯಿಂದ ಏನೂ ಕೊಡಬಾರದೆಂದು ನರ್ಸ್ ಮೂರು ಸಲ ಹೇಳಿದ್ದರು. ಓದಲು ಬಾರದವಳೇನಲ್ಲ, ಮಂಚಕ್ಕೆ ತೂಗುಹಾಕಿದ ಬೋರ್ಡನ್ನೂ ನೋಡಿದ್ದೆ. ಆದರೆ ನಮ್ಮಲ್ಲಿ ತೀರ್ಥ, ಪಂಚಾಮೃತ ಊಟದ ಲೆಕ್ಕಕ್ಕೇ ಬರುವುದಿಲ್ಲ. ಅದು ದೇವರದು, ಊಟವೇನಿದ್ದರೂ ಆಮೇಲೆ. ಅವರ ಅಂಗೈಗೆ ಎರಡು ಚಮಚ ಹಾಕಿದೆ. ಹಾಲು, ಮೊಸರು, ಬಾಳೆಹಣ್ಣಿನ ಚೂರು. ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು.

ಎಂಟಕ್ಕೆ ಸ್ಟ್ರೆಚರ್ ಆಪರೇಷನ್ ಥಿಯೇಟರಿನ ಬಾಗಿಲಿಗೆ ಬಂತು. ಅನಸ್ತೇಷಿಯಾ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಬೆಳಗಿನಿಂದ ಏನಾದರೂ ತಿಂದಿರಾ, ಹಾಲು, ಚಹಾ ಎಂದು ಫೈಲ್ ನೋಡುತ್ತ ಕೇಳಿದಳು: "ಅಂಕಲ್, ಸುಬಹ್ ಸೆ ಕುಛ್ ಖಾಯಾ? ದೂಧ್, ಚಾಯ್?"

"ಕುಛ್ ನಹೀ," ಎಂದರು ಇವರು.

ಹಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ಬೆಳಗಿನ ಪಂಚಾಮೃತ ನೆನಪಾಯಿತು. ಅದೇ ಹೊತ್ತಿಗೆ ಅವರಿಗೂ ಹೊಳೆದಿರಬೇಕು, ನನ್ನ ಕೈ ಗಟ್ಟಿಯಾಗಿ ಹಿಡಿದರು. "ಸುಮ್ನಿರು," ಎಂದರು ಮೆಲ್ಲಗೆ. "ಎರಡ ಚಮಚಕ್ಕ ಏನಾಗೂದಿಲ್ಲ. ಇವತ್ತ ಮುಗದಹೋಗ್ಲಿ."

ನಾನು ಸುಮ್ಮನಿದ್ದೆ. ಎಷ್ಟು ಹೊತ್ತೋ, ಒಂದೆರಡು ಉಸಿರಿನಷ್ಟು. ಹೇಳಿದರೆ ಈ ದಿನದ ಆಪರೇಷನ್ ಹೋಯಿತು. ಹೇಳದಿದ್ದರೆ ಒಳಗೆ ಏನಾದೀತೋ ತಿಳಿಯದು.

ಸ್ಟ್ರೆಚರ್ ಅಲುಗಾಡಿತು. ಹೇಳಿಬಿಟ್ಟೆ.

ಹುಡುಗಿ ಬೈಯಲಿಲ್ಲ. ಅರಿವು ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಜೀವಕ್ಕೇ ಅಪಾಯ ಎಂದಳು. ಹೊಟ್ಟೆ ಖಾಲಿಯಾಗುವ ತನಕ ಕಾಯೋಣವೆಂದರೆ ಮಧ್ಯಾಹ್ನ ಥಿಯೇಟರ್ ಖಾಲಿ ಇರಲಿಲ್ಲ. ಸರ್ಜನ್ ಮತ್ತೆ ಬರುವುದು ಶುಕ್ರವಾರ. ನಾಲ್ಕು ದಿನ ಕಾಯಬೇಕು. ನಮ್ಮನ್ನು ಮನೆಗೆ ಕಳಿಸಿದರು.

"ಈ ಗಡ್ಡಿ ಹೊಟ್ಟ್ಯಾಗ ಇಟ್ಕೊಂಡ ಇನ್ನ ನಾಕ ದಿನ ಕೂಡಬೇಕು." ಟ್ಯಾಕ್ಸಿಯಲ್ಲಿ ಅವರಾಡಿದ್ದು ಇಷ್ಟೇ. ಮನೆಗೆ ಬಂದ ಮೇಲೆ ಟಿ.ವಿ.ಯ ಸೌಂಡ್ ಬಂದ್ ಮಾಡಿ ಕ್ರಿಕೆಟ್ ನೋಡಿದರು. ನಾನು ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿದೆ, ಒರೆಸಿದೆ, ಏರಿಸಿದೆ. ತರಕಾರಿಗೆಂದು ಸ್ಟೇಷನ್ ತನಕ ಹೋಗಿ ಬರಿಗೈಯಲ್ಲಿ ಬಂದೆ. ಅವರು ಕೆಮ್ಮಿದರೆ ಓಡುತ್ತಿದ್ದೆ, ಕೆಮ್ಮದಿದ್ದರೂ ಓಡುತ್ತಿದ್ದೆ. ನಾಲ್ಕು ದಿನಕ್ಕೆ ಏನೂ ಬದಲಾಗುವುದಿಲ್ಲ ಎಂದು ಸರ್ಜನ್ ಫೋನಿನಲ್ಲಿ ಹೇಳಿದ್ದರು. ಆದರೂ ಈ ನಾಲ್ಕು ದಿನದಲ್ಲೇ ಅದು ಬೆಳೆದುಬಿಟ್ಟರೆ, ಕಿಡ್ನಿ ಪೂರ್ತಿ ಹೋದರೆ ಎಂದು ಮನಸ್ಸು ಗಿರಣಿಯಂತೆ ತಿರುಗುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ನಾನು ಮಾಡಿದ್ದನ್ನು ಅವರು ಉಣ್ಣಬೇಕಾಗಿತ್ತು.

ಶುಕ್ರವಾರ ಆಪರೇಷನ್ನಿಗೆ ನಾಲ್ಕು ತಾಸು ಹಿಡಿಯಿತು.

ಕಿಡ್ನಿ ಉಳಿಯಿತು.

ಆಮೇಲಿನ ದಿನಗಳು ಸಲೀಸೇನಲ್ಲ. ಪಕ್ಕೆಗೆ ರಕ್ತ ಬಸಿಯುವ ಡ್ರೇನ್ ನಳಿಕೆ, ಕೆಳಗೆ ಮೂತ್ರಕ್ಕೆ ಕ್ಯಾಥೆಟರ್. ಆಪರೇಷನ್ನಿಗೆಂದು ಹೊಟ್ಟೆಗೆ ತುಂಬಿದ್ದ ಗ್ಯಾಸ್ ಭುಜಕ್ಕೇರಿ ಕೊಡುವ ನೋವು ಬೇರೆ. ಮರುದಿನವೇ ಎಬ್ಬಿಸಿ ನಡೆಸಿದರು. ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮುವುದನ್ನು ಕಲಿಸಿದರು. ಮೂತ್ರದ ಚೀಲದ ಬಣ್ಣ ನೋಡುವುದೇ ನನ್ನ ಕೆಲಸವಾಯಿತು. ಮೊದಲು ಕೆಂಪು, ಆಮೇಲೆ ಗುಲಾಬಿ, ಮೂರನೆಯ ದಿನ ಹಳದಿ. ಹಳದಿ ಕಂಡ ದಿನ ಅತ್ತುಬಿಟ್ಟೆ.

ಬಯಾಪ್ಸಿ ರಿಪೋರ್ಟ್ ಬಂತು. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಇಲ್ಲ. ಆದರೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು. ನಿಶ್ಚಿಂತೆಯಾಗಿದ್ದೇನೆ ಎನ್ನಲಾರೆ. ದೇವರಿಗೆ, ಆ ಡಾಕ್ಟರ್ ಹುಡುಗಿಗೆ, ಸರ್ಜನ್‌ಗೆ ದಿನಾ ಕೈ ಮುಗಿಯುತ್ತೇನೆ, ಮತ್ತೆ ಹೆದರುತ್ತೇನೆ.

ಮೊನ್ನೆ ಚೆಕಪ್ಪಿಗೆ ಹೋಗಿದ್ದೆವು. ನೋವಿದೆಯೇ, ಉಪ್ಪು ಕಡಿಮೆ ಮಾಡಿದ್ದೀರಾ, ಭಾರ ಎತ್ತುತ್ತಿಲ್ಲ ತಾನೆ ಎಂದು ಸರ್ಜನ್ ಕೇಳಿದರು.

"ಸಬ್ ಬರೋಬರ್," ಎಲ್ಲ ಸರಿಯಿದೆ ಎನ್ನುತ್ತ ಏಳಲು ಹೋದ ನನ್ನ ಗಂಡ ಮತ್ತೆ ಕುಳಿತರು. ನನ್ನತ್ತ ಕೈ ತೋರಿಸಿದರು.

"ಡಾಕ್ಟರ್‌ಸಾಬ್, ಇಸ್‌ಸೆ ಪೂಛೊ. ಮೈ ಝೂಟ್ ಬೋಲ್ತಾ ಹೂಂ." ಇವಳನ್ನೇ ಕೇಳಿ, ನಾನು ಸುಳ್ಳು ಹೇಳುತ್ತೇನೆ ಎಂದರು.

ಎಡಪಕ್ಕೆ ಇನ್ನೂ ಹಿಡಿಯುತ್ತದೆ, ಹೋದ ವಾರ ಅಕ್ಕಿ ಚೀಲ ಎತ್ತಿದ್ದಾರೆ, ಉಪ್ಪಿನಕಾಯಿ ಬಿಟ್ಟಿಲ್ಲ. ಒಂದೊಂದಾಗಿ ಹೇಳಿದೆ. ಅವರು ಒಂದಕ್ಕೂ ಇಲ್ಲ ಅನ್ನಲಿಲ್ಲ.