ಕುಕ್ಕರಿನ ಬಾಯಿ ಮುಚ್ಚಿಸಿದ ಕಾಂತೇಶ

ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಹುಣಸಗಿಯ ಕಾಂತೇಶನಿಗೆ ಬಂದೋಬಸ್ತ್ ಎಂದರೆ ಪ್ರಾಣ. ಮದುವೆ ಯಾರದೇ ಇರಲಿ, ಕುರ್ಚಿ ಎಲ್ಲಿಡಬೇಕೆಂದು ಹೇಳಲು ಈತ ಹಾಜರು. ಸ್ಮಶಾನದ ದಾರಿಯಲ್ಲೂ ಹೆಣ ಹೊತ್ತವರಿಗೆ ಹೆಜ್ಜೆ ಹಾಕುವುದನ್ನು ಕಲಿಸಿದ ಪುಣ್ಯಾತ್ಮ. ಇಂಥವನನ್ನು ಬುದ್ಧ ವಿಹಾರದ ಕಾರ್ಯದರ್ಶಿ ಮಾಡಿದರೆ ಸುಮ್ಮನಿರುತ್ತಾನೆಯೇ?

ಬುದ್ಧ ಪೂರ್ಣಿಮೆಗೆ ಬೀದರ ಕಡೆಯಿಂದ ಹಿರಿಯ ಭಿಕ್ಖು ಭಂತೇಜಿ ಶಿಷ್ಯರೊಂದಿಗೆ ಬಂದಿದ್ದರು. ಮೊದಲು ಧ್ಯಾನ, ಆಮೇಲೆ ಊಟ. ಮಧ್ಯಾಹ್ನ ಹನ್ನೆರಡು ದಾಟಿದರೆ ಭಿಕ್ಖುಗಳು ಅನ್ನ ಮುಟ್ಟುವುದಿಲ್ಲ. ಅಷ್ಟರೊಳಗೆ ಅವರಿಗೆ ನಮ್ಮ ಕಡೆಯ ತೊಗರಿಬೇಳೆ ಉಣಿಸಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಕಾಂತೇಶ ವಾರದಿಂದ ನಿದ್ದೆಗೆಟ್ಟಿದ್ದ.

ವಿಹಾರದ ಹಿತ್ತಲಲ್ಲಿ ಅಡುಗೆಯ ದೇವಕಮ್ಮ ದೊಡ್ಡ ಕುಕ್ಕರನ್ನು ಒಲೆಗೇರಿಸಿ, ಮುಚ್ಚಳದ ಮೇಲೆ ಸೀಟಿಯ ಗುಂಡು ಇಡುವಷ್ಟರಲ್ಲಿ ಕಾಂತೇಶ ಓಡಿ ಬಂದ.

"ಒಳಗ ಧ್ಯಾನ ನಡದದ, ಇಲ್ಲಿ ಸೀಟಿ ಹೊಡಸ್ತಿಯೇನು?" ಎಂದು ಕೂಗಿ, ಗುಂಡನ್ನು ಕಿಸೆಗೆ ಹಾಕಿಕೊಂಡ.

"ಗುಂಡು ಇಲ್ಲಂದ್ರ ಬ್ಯಾಳಿ ಬೇಯಂಗಿಲ್ರಿ."

"ನೀರು ಕುದಿಯಾಕತ್ತದ, ಉಗಿ ಬರಾಕತ್ತದ. ಇನ್ನೇನು ಬೇಕು?"

ಕೊತ್ತಂಬರಿ ಸೋಸುತ್ತಿದ್ದ ಪಂಚಶೀಲಾ, ಶಹಾಪುರದಲ್ಲಿ ವಿಜ್ಞಾನದ ಟೀಚರು, ತಲೆಯೆತ್ತಿದಳು. "ಬಾಯಿ ತೆರದಿದ್ರ ನೀರು ನೂರು ಡಿಗ್ರಿಗೆ ಕುದ್ದು ಅಲ್ಲೇ ನಿಲ್ತದ, ಕಾಕಾ. ಗುಂಡು ಇಟ್ರ ಉಗಿ ಒಳಗ ಸಿಕ್ಕೊಂಡು ನೀರನ್ನ ಒತ್ತತದ. ಆಗ ನೀರು ಲಗೂ ಕುದಿಯಂಗಿಲ್ಲ, ಇನ್ನೂ ಬಿಸಿ ಏರ್ತದ. ಆ ಬಿಸಿಗೇ ಬ್ಯಾಳಿ ಮೆತ್ತಗಾಗೋದು."

"ಶಾಲಿ ಪಾಠ ಶಾಲ್ಯಾಗ ಹೇಳವಾ. ಇಲ್ಲಿ ಸೈಲೆಂಟ್!"

ಅವನ ಸೈಲೆಂಟಿಗೆ ಮಾಳಿಗೆಯ ಪಾರಿವಾಳಗಳು ಹಾರಿಹೋದವು. ಅಲ್ಲಿಂದ ಶುರುವಾಯಿತು ಗಸ್ತು. ಸೌಟು ತಾಗಿದರೆ "ಮೆಲ್ಲಗ!", ಮಕ್ಕಳು ಕೆಮ್ಮಿದರೆ "ಮೆಲ್ಲಗ!", ಬೇಲಿಯಾಚೆ ಮೇಕೆ ಒದರಿದರೆ ಅದಕ್ಕೂ ಒಂದು "ಮೆಲ್ಲಗ!"

ಹಳೆಯ ಬೇಳೆ, ಕೊಳವೆಬಾವಿಯ ಗಡಸು ನೀರು. ಹನ್ನೊಂದೂವರೆಗೆ ಮುಚ್ಚಳ ತೆಗೆದು ಒಂದು ಕಾಳು ಹಿಚುಕಿದ ದೇವಕಮ್ಮ ಅದನ್ನು ಕಾಂತೇಶನ ಅಂಗೈಗೆ ಹಾಕಿದಳು. ಅದು ಹರಳಿನ ಹಾಗೆ ಗಟ್ಟಿಯಾಗಿತ್ತು. ಬೆವತುಹೋದ ಕಾಂತೇಶ ಕಿಸೆಯಿಂದ ಗುಂಡು ತೆಗೆದುಕೊಟ್ಟ. ಬೇಳೆ ಬೆಂದು ಇಳಿಯುವಷ್ಟರಲ್ಲಿ ಭಿಕ್ಖುಗಳು ಅನ್ನ, ಮಜ್ಜಿಗೆ, ಬಾಳೆಹಣ್ಣಿನಲ್ಲೇ ಊಟ ಮುಗಿಸಿ ಕೈ ತೊಳೆದಿದ್ದರು. ನಸುಕಿಗೇ ಎದ್ದು ಬೇಳೆ ಆರಿಸಿದ್ದ ದೇವಕಮ್ಮನ ಮುಖ ನೋಡಿ ಎಲ್ಲರೂ ಮರುಗಿದರು. ಕಾಂತೇಶನಿಗೆ ಯಾರೂ ಮರುಗಲಿಲ್ಲ.

ಆದರೂ ಆತ ಭಂತೇಜಿಯ ಮುಂದೆ ಕೈಮುಗಿದು ನಿಂತ. "ತಮ್ಮ ಧ್ಯಾನಕ್ಕ ಭಂಗ ಬರಬಾರ್ದಂತ ಸೀಟಿ ಬಂದ್ ಮಾಡಿಸಿದ್ದೆರಿ. ಅದಕ್ಕ ಬ್ಯಾಳಿ ತಡ ಆತು."

ಭಂತೇಜಿ ಅವನನ್ನು ನೋಡಿ ನಕ್ಕರು.

"ಸೀಟಿ ಆಗಿದ್ರ ನಾಕು ಹೊಡದು ಸುಮ್ಮನಾಗ್ತಿತ್ತಪ್ಪ," ಎಂದರು.